ಕಣಕುಂಬಿಯವರನ್ನೂ ಕೇಳೋಣ

ನಾನು ತಿರ್ಲಾಪುರದ ರೈತ. ನಮ್ಮ ನವಲಗುಂದ ತಾಲ್ಲೂಕಿನ ಕಾಲುವೆಗೆ ಬರುವ ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಗೋವೆಯ ಗಡಿಗೆ ಹತ್ತಿಕೊಂಡ ಕಾಡಿನಲ್ಲಿ. ಆ ಕಡೆ ಮನೆಮಾತು ಹೆಚ್ಚಾಗಿ ಮರಾಠಿ. 1956ರವರೆಗೆ ಅವರೂ ನಾವೂ ಮುಂಬೈ ಸರ್ಕಾರದ ಕೆಳಗೇ ಇದ್ದವರು.

ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಲು ಒಪ್ಪಿತು. ಆ ನೀರು ನಮಗೆ ಬೇಕೇ ಬೇಕು. ಮಳೆ ಕೈಕೊಟ್ಟರೆ ಎರಿಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಹೆಸರು ಹೂವಿನಲ್ಲೇ ಒಣಗುತ್ತದೆ. 1980ರ ಜುಲೈನಲ್ಲಿ ನವಲಗುಂದ, ನರಗುಂದದ ರೈತರು ಗುಂಡಿಗೆ ಬಲಿಯಾದದ್ದೂ ಇದೇ ಮಲಪ್ರಭೆಯ ನೀರಾವರಿ ಕರದ ವಿರುದ್ಧ ನಿಂತಾಗ.

ಆದರೆ ಕಳಸಾದ ನೀರು ತಿರುಗಿಸಲು ನಾಲೆ ತೋಡುವುದು ಕಣಕುಂಬಿಯವರ ಮಗ್ಗುಲಲ್ಲಿ. ನಮ್ಮ ಮುಖಂಡರು ದಿಲ್ಲಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ, ನಿಮ್ಮ ಅಂಜಿಕೆ ಏನೆಂದು ಮರಾಠಿಯಲ್ಲೇ ಕೇಳಿ ಬರಬೇಕು.