ಒಗೆಯುವ ಯಂತ್ರದ ಕಡೆಗೋಲು

ಮಜ್ಜಿಗೆ ಕಡೆಯುವ ಮನೆಗಳಲ್ಲಿ ಬೆಳೆದವರಿಗೆ ಕಡೆಗೋಲಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಹಗ್ಗವನ್ನು ಒಮ್ಮೆ ಬಲಗೈಯಿಂದ, ಒಮ್ಮೆ ಎಡಗೈಯಿಂದ ಎಳೆದಂತೆ ಗಡಿಗೆಯೊಳಗಿನ ಕೋಲು ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಅದರ ತುದಿಯ ರೆಕ್ಕೆಗಳು ಮೊಸರನ್ನು ಕಲಕುತ್ತವೆ. ಮೇಲಿನಿಂದ ಬಟ್ಟೆ ತುಂಬುವ ಒಗೆಯುವ ಯಂತ್ರಗಳಲ್ಲಿ ತೊಟ್ಟಿಯ ನಡುವೆ ನಿಂತಿರುವ ರೆಕ್ಕೆಗಂಬವೂ ಇದೇ ಜಾತಿಗೆ ಸೇರಿದ್ದು. ಯಂತ್ರ ಬಲ್ಲವರು ಅದನ್ನು ಅಜಿಟೇಟರ್ ಎನ್ನುತ್ತಾರೆ. ನಾವು ಇಲ್ಲಿ ಕಡೆಗೋಲು ಎಂದೇ ಕರೆಯುತ್ತೇವೆ.

ಅಮೆರಿಕದಲ್ಲಿ ಸಂಸಾರ ಹೂಡಿರುವ ಸೋದರಿಯೊಬ್ಬರು ಈ ಕಡೆಗೋಲಿನ ಕುರಿತು ನಮಗೆ ಪತ್ರ ಬರೆದಿದ್ದಾರೆ. ಊರಿನಿಂದ ಅತ್ತೆಯವರು ಬಂದು ಎರಡು ತಿಂಗಳಾಗಿವೆ. ಯಂತ್ರದಿಂದ ಹೊರಬಂದ ಬಟ್ಟೆಗಳಲ್ಲಿ ಮೇಲುಪದರದವು ಅರೆ ಒಗೆದಂತಿರುತ್ತವೆ; ಅಂಗಿಯ ಕಾಲರಿನ ಕೊಳೆ ಹೋಗುವುದಿಲ್ಲ; ಸೋಪಿನ ಪುಡಿ ಅಲ್ಲಲ್ಲಿ ಉಳಿದಿರುತ್ತದೆ. ಸೊಸೆಗೆ ಒಗೆಯುವ ಕ್ರಮ ತಿಳಿಯದೆಂದು ಹಿರಿಯರ ಆಕ್ಷೇಪ. ಹಿರಿಯರು ಬಟ್ಟೆಯನ್ನು ತುರುಕಿ ತುಂಬುತ್ತಾರೆಂದು ಸೊಸೆಯ ಸಮಾಧಾನ. ಹೊಸ ಯಂತ್ರವನ್ನೇ ತಂದುಬಿಡೋಣವೆಂದು ಮಗನ ತೀರ್ಮಾನ. ಕಡೆಗೋಲು ಸವೆದಿರಬಹುದೆಂದು ನೆರೆಮನೆಯವರು ಹೇಳಿದ ಮೇಲೆ ಸೋದರಿ ಅಂಗಡಿಗಳಲ್ಲಿ ವಿಚಾರಿಸಿದ್ದಾರೆ. ಅಲ್ಲಿ ಹತ್ತಾರು ಬಗೆಯ ಕಡೆಗೋಲುಗಳಿವೆ, ನೋಡುವುದಕ್ಕೆ ಎಲ್ಲವೂ ಒಂದೇ. ಯಾವುದನ್ನು ಕೊಳ್ಳಬೇಕೆಂಬುದು ಅವರ ಪ್ರಶ್ನೆ. ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿರುವ ಓದುಗರು ನಮ್ಮಲ್ಲಿ ಅನೇಕರಿರುವುದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇವೆ.

ಮೊದಲು ಈ ಅಂಗದ ರಚನೆಯನ್ನು ಅರಿಯಬೇಕು. ಅಯೋವಾ ಪ್ರಾಂತದ ನ್ಯೂಟನ್ ಪಟ್ಟಣದಲ್ಲಿದ್ದ ಮೇಟ್ಯಾಗ್ ಸಂಸ್ಥೆ 1922ರಲ್ಲಿ ತೊಟ್ಟಿಯ ತಳದಲ್ಲಿ ಕಡೆಗೋಲನ್ನು ನೆಲೆಗೊಳಿಸಿದ ಯಂತ್ರವನ್ನು ಹೊರತಂದಿತು. ಬಟ್ಟೆಯನ್ನು ಎಳೆದಾಡುವ ಬದಲು ನೀರನ್ನೇ ಬಟ್ಟೆಯ ಎಳೆಗಳ ನಡುವೆ ನುಗ್ಗಿಸಿ ಕೊಳೆ ತೆಗೆಯುವುದು ಅದರ ವಿಶೇಷ. ಅಲ್ಲಿಂದ ಮುಂದೆ ಅಮೆರಿಕದ ಗೃಹಗಳಲ್ಲಿ ಈ ಕ್ರಮವೇ ಬೇರೂರಿತು. ಕಡೆಗೋಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬುಡದಿಂದ ತುದಿಯವರೆಗೆ ಒಂದೇ ತುಂಡಾಗಿರುವುದು ಒಂದು. ಎರಡು ತುಂಡುಗಳನ್ನು ಜೋಡಿಸಿದ್ದು ಮತ್ತೊಂದು.

ಎರಡು ತುಂಡಿನದರಲ್ಲಿ ಕೆಳಗಿನ ಭಾಗ ಮಜ್ಜಿಗೆಯ ಕೋಲಿನಂತೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಮೇಲಿನ ಭಾಗಕ್ಕೆ ತಿರುಪಿನ ಸುರುಳಿಯಂತಹ ರೆಕ್ಕೆಯಿದ್ದು, ಅದು ಒಂದೇ ದಿಕ್ಕಿಗೆ ತಿರುಗುತ್ತ ಮೇಲಿದ್ದ ಬಟ್ಟೆಯನ್ನು ಕೆಳಕ್ಕೆ ಇಳಿಸುತ್ತದೆ. ಆಡುವ ಕೆಳಭಾಗದಿಂದ ಮೇಲ್ಭಾಗಕ್ಕೆ ಒಂದೇ ದಿಕ್ಕಿನ ಚಲನೆ ದೊರೆಯುವುದು ಹೇಗೆ? ಸೈಕಲ್ಲಿನ ಫ್ರೀವೀಲನ್ನು ನೆನಪಿಗೆ ತಂದುಕೊಳ್ಳಿ. ಪೆಡಲನ್ನು ಮುಂದಕ್ಕೆ ತುಳಿದರೆ ಚಕ್ರ ತಿರುಗುತ್ತದೆ, ಹಿಂದಕ್ಕೆ ತುಳಿದರೆ ಸುಮ್ಮನೆ ಜಾರುತ್ತದೆ. ಹಾಗೆಯೇ ಕಡೆಗೋಲಿನ ಒಡಲಲ್ಲಿ ಹೆಬ್ಬೆರಳಿನ ತುದಿಗಿಂತ ಹೆಚ್ಚು ದೊಡ್ಡದಲ್ಲದ ನಾಲ್ಕು ಪ್ಲಾಸ್ಟಿಕ್ ಹಲ್ಲುಗಳಿವೆ. ಒಂದು ದಿಕ್ಕಿನಲ್ಲಿ ಅವು ಕಚ್ಚಿ ಹಿಡಿಯುತ್ತವೆ, ಇನ್ನೊಂದು ದಿಕ್ಕಿನಲ್ಲಿ ಬಿಟ್ಟುಕೊಡುತ್ತವೆ. ಅಂಗಡಿಯವರು ಇವನ್ನು ಅಜಿಟೇಟರ್ ಡಾಗ್ಸ್ ಎನ್ನುತ್ತಾರೆ. ವರ್ಷಗಟ್ಟಲೆ ದುಡಿದು ಇವುಗಳ ಅಂಚು ದುಂಡಗಾದರೆ ಮೇಲಿನ ಭಾಗ ನಿಂತುಬಿಡುತ್ತದೆ. ಕೆಳಗಿನ ಬಟ್ಟೆ ಸ್ವಚ್ಛವಾಗುತ್ತದೆ, ಮೇಲಿನದು ತೇಲುತ್ತ ಕುಳಿತಿರುತ್ತದೆ. ಸೋದರಿಯ ಮನೆಯಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ ಎಂದು ಲಕ್ಷಣಗಳು ಹೇಳುತ್ತವೆ.

ಆದರೆ ಲಕ್ಷಣ ಕಂಡೊಡನೆ ಔಷಧ ಕೊಳ್ಳಬಾರದು, ನಾಡಿ ನೋಡಬೇಕು. ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ತೊಟ್ಟಿ ಬರಿದಾಗಿರುವಾಗ ಒಂದು ಕೈಯಿಂದ ಕಡೆಗೋಲಿನ ಕೆಳಭಾಗವನ್ನು ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಮೇಲ್ಭಾಗವನ್ನು ಎರಡೂ ದಿಕ್ಕಿಗೆ ತಿರುಗಿಸಿ ನೋಡಿರಿ. ಒಂದು ಕಡೆಗೆ ತಿರುಗಿ ಇನ್ನೊಂದು ಕಡೆಗೆ ಬಿಗಿಹಿಡಿದರೆ ಹಲ್ಲುಗಳು ಆರೋಗ್ಯವಾಗಿವೆ. ಆಗ ಅರ್ಧ ತೊಟ್ಟಿ ಬಟ್ಟೆಯನ್ನಷ್ಟೇ ಹಾಕಿ ಒಗೆದು ನೋಡಬೇಕು. ಅದು ಸ್ವಚ್ಛವಾದರೆ ತಪ್ಪಿರುವುದು ತುಂಬುವ ಅಳತೆಯಲ್ಲಿ. ಮೇಲ್ಭಾಗವು ಎರಡೂ ಕಡೆಗೆ ತಡೆಯಿಲ್ಲದೆ ತಿರುಗಿದರೆ ಹಲ್ಲುಗಳು ಸವೆದಿವೆ. ಇಡೀ ಕಡೆಗೋಲನ್ನು ಬದಲಿಸುವ ಅಗತ್ಯ ಆಗಲೂ ಇಲ್ಲ. ನಾಲ್ಕು ಹಲ್ಲುಗಳನ್ನು ಕೊಂಡರೆ ಸಾಕು. ಆ ದೇಶದಲ್ಲಿ ಹೋಟೆಲಿನ ಒಂದು ಊಟಕ್ಕೆ ಕೊಡುವಷ್ಟು ಹಣವೂ ಇದಕ್ಕೆ ಬೇಕಾಗದು.

ಇಡೀ ಕಡೆಗೋಲನ್ನೇ ಬದಲಿಸಬೇಕಾದ ಸಂದರ್ಭಗಳೂ ಉಂಟು. ಕಡೆಗೋಲಿನ ಒಳಗೊರಳಿನಲ್ಲಿ ಸಾಲುಗೀರುಗಳಿದ್ದು, ಅವು ನಡುವಿನ ಲೋಹದ ದಂಡದ ಗೀರುಗಳನ್ನು ಹಿಡಿದುಕೊಂಡಿರುತ್ತವೆ. ಪ್ಲಾಸ್ಟಿಕ್ಕಿನ ಗೀರುಗಳು ಅಳಿಸಿಹೋದರೆ ಒಳಗೆ ದಂಡ ತಿರುಗುತ್ತಿದ್ದರೂ ಕಡೆಗೋಲು ಭಾರಕ್ಕೆ ನಿಂತುಬಿಡುತ್ತದೆ. ಆಗ ಹೊಸದೇ ಬೇಕು. ರೆಕ್ಕೆ ಬಿರುಕು ಬಿಟ್ಟು ಸೀರೆಯ ಎಳೆ ಕೀಳುತ್ತಿದ್ದರೂ ಹೊಸದು ಬೇಕು. ಹಳೆಯ ನೈಲಾನ್ ಕಾಲುಚೀಲವೊಂದನ್ನು ಕೈಗೆ ತೊಟ್ಟು ರೆಕ್ಕೆಗಳ ಮೇಲೆ ಸವರಿದರೆ ಕಣ್ಣಿಗೆ ಕಾಣದ ಮುಳ್ಳೂ ಸಿಕ್ಕಿಬೀಳುತ್ತದೆ. ಸವೆದಿರುವುದು ಲೋಹದ ದಂಡವೇ ಆಗಿದ್ದರೆ ರಿಪೇರಿಯ ಖರ್ಚು ಬಹಳ. ಹೊಸ ಯಂತ್ರದ ಮಾತನ್ನು ಎತ್ತಬೇಕಾದದ್ದು ಆಗ ಮಾತ್ರ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ವರ್ಲ್‌ಪೂಲ್ ಸಂಸ್ಥೆ 1980ರ ದಶಕದಿಂದ ಸುಮಾರು ಮೂರು ದಶಕಗಳ ಕಾಲ ತಯಾರಿಸಿದ ಬೆಲ್ಟಿಲ್ಲದ ಯಂತ್ರಗಳಲ್ಲಿ ಮೋಟಾರನ್ನೂ ಗೇರನ್ನೂ ಕೂಡಿಸುವ ಸಣ್ಣ ಕೊಂಡಿಯೊಂದಿದೆ. ಅದು ಮುರಿದರೆ ಮೋಟಾರಿನ ಸದ್ದು ಕೇಳಿಸುತ್ತದೆ, ನೀರೂ ಹೊರಹೋಗುತ್ತದೆ. ಆದರೆ ಯಂತ್ರ ಒಗೆಯುವುದೂ ಇಲ್ಲ, ಬಟ್ಟೆಯನ್ನು ಸುತ್ತಿ ಹಿಂಡುವುದೂ ಇಲ್ಲ. ಇಂತಹ ಯಂತ್ರಕ್ಕೆ ಎಷ್ಟು ಒಳ್ಳೆಯ ಕಡೆಗೋಲು ತಂದರೂ ವ್ಯರ್ಥ.

ಇನ್ನು ಆಯ್ಕೆಯ ಕ್ರಮ. ಹೊರಗೆ ಬರೆದಿರುವ ಕಂಪನಿಯ ಹೆಸರನ್ನಷ್ಟೇ ನೋಡಿ ಬಿಡಿಭಾಗ ಕೊಳ್ಳಬಾರದು. ಕೆನ್‌ಮೋರ್ ಎಂಬ ಹೆಸರಿನ ಯಂತ್ರಗಳನ್ನು ಸಿಯರ್ಸ್ ಅಂಗಡಿಗಳಿಗಾಗಿ ಬೇರೆ ಬೇರೆ ಸಂಸ್ಥೆಗಳು ಮಾಡಿಕೊಟ್ಟಿವೆ. ಅದರ ಮಾಡೆಲ್ ಸಂಖ್ಯೆ 110 ಎಂದು ಮೊದಲಾದರೆ ತಯಾರಿಸಿದವರು ವರ್ಲ್‌ಪೂಲ್‌ನವರು. ಮೇಟ್ಯಾಗ್ ಸಂಸ್ಥೆಯನ್ನು ವರ್ಲ್‌ಪೂಲ್ ಕೊಂಡದ್ದು 2006ರಲ್ಲಿ. ಅದಕ್ಕಿಂತ ಹಿಂದಿನ ಮೇಟ್ಯಾಗ್ ಯಂತ್ರಗಳ ಒಳರಚನೆಯೇ ಬೇರೆ. ಆದುದರಿಂದ ಮಾಡೆಲ್ ಸಂಖ್ಯೆಯೇ ಪ್ರಮಾಣ. ಮುಚ್ಚಳ ಎತ್ತಿದಾಗ ಕಾಣುವ ಅಂಚಿನಲ್ಲಿ ಅಥವಾ ಯಂತ್ರದ ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಅದು ಇರುತ್ತದೆ. ಒಂದಕ್ಷರವೂ ತಪ್ಪದಂತೆ ಬರೆದುಕೊಂಡು ಅಂಗಡಿಯವರಿಗೆ ತೋರಿಸಬೇಕು. ಮೇಲೆ ಹೇಳಿದ ವರ್ಲ್‌ಪೂಲ್ ಯಂತ್ರಗಳಲ್ಲಿ ಬಹುತೇಕಕ್ಕೆ ಹೊಂದುವ ನಾಲ್ಕು ಹಲ್ಲುಗಳ ಬಿಡಿಭಾಗದ ಸಂಖ್ಯೆ 80040. ಇಡೀ ಕಡೆಗೋಲನ್ನು ಕೊಳ್ಳುವವರು ಅದರ ಎತ್ತರ, ಬುಡದ ಅಗಲ, ಒಳಗೊರಳಿನ ಗೀರುಗಳ ಎಣಿಕೆ ಈ ಮೂರನ್ನೂ ಹಳೆಯದರೊಡನೆ ಹೋಲಿಸಬೇಕು. ಬಳಸಿದ್ದನ್ನು ಅಗ್ಗಕ್ಕೆ ಕೊಳ್ಳುವವರು ಹೊರಗಿನ ಹೊಳಪಿಗೆ ಮರುಳಾಗದೆ ಒಳಗೊರಳಿಗೆ ಬೆರಳಿಟ್ಟು ನೋಡಬೇಕು. ಕಡೆಗೋಲಿಲ್ಲದ, ತಳದಲ್ಲಿ ತಟ್ಟೆ ಮಾತ್ರವಿರುವ ಯಂತ್ರಕ್ಕೆ ಕಡೆಗೋಲು ತಂದು ಕೂರಿಸಲಾಗದು. ಬೇಕಾದಾಗ ಕಡೆಗೋಲನ್ನು ತೆಗೆದಿಡುವಂತೆ ಕಂಪನಿಯೇ ರಚಿಸಿದ ಇತ್ತೀಚಿನ ಕೆಲವು ಮಾದರಿಗಳು ಇದಕ್ಕೆ ಅಪವಾದ.

ಕೂರಿಸುವ ಕೆಲಸ ಕಠಿಣವಲ್ಲ. ಬೆಲ್ಟಿಲ್ಲದ ಆ ವರ್ಲ್‌ಪೂಲ್ ಯಂತ್ರಗಳಲ್ಲಿ ಕಡೆಗೋಲಿನ ತುದಿಯ ಟೋಪಿಯನ್ನು ಮೆಲ್ಲನೆ ಎಬ್ಬಿಸಿದರೆ ಒಳಗೆ ಇನ್ನೊಂದು ಮುಚ್ಚಳ, ಅದರ ಕೆಳಗೆ ಬೋಲ್ಟು ಕಾಣುತ್ತದೆ. 7/16 ಅಂಗುಲದ ಸಾಕೆಟ್ಟಿಗೆ ಉದ್ದನೆಯ ಹಿಡಿ ಸೇರಿಸಿ ಅದನ್ನು ಬಿಚ್ಚಬೇಕು. ಸೋಪಿನ ಮಡ್ಡಿಯಿಂದ ಕಡೆಗೋಲು ಕಚ್ಚಿಕೊಂಡಿದ್ದರೆ ಬಿಸಿನೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಬುಡಕ್ಕೆ ಹಗ್ಗ ಸುತ್ತಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಹೊಸ ಹಲ್ಲುಗಳನ್ನು ಹಳೆಯವು ಕುಳಿತಿದ್ದ ಮುಖಕ್ಕೇ ಕೂರಿಸಿ, ಬೋಲ್ಟು ಬಿಗಿಯುವ ಮುನ್ನ ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು. ಒಳಮುಚ್ಚಳದ ರಬ್ಬರ್ ಬಳೆ ಹರಿದಿದ್ದರೆ ಅದನ್ನೂ ಬದಲಿಸುವುದು ಲೇಸು. ಇಲ್ಲವಾದರೆ ನೀರಿಳಿದು ಬೋಲ್ಟು ತುಕ್ಕು ಹಿಡಿಯುತ್ತದೆ.

ಪತ್ರ ಬರೆದ ಸೋದರಿಗೆ ನಮ್ಮ ಸೂಚನೆ ಇಷ್ಟೆ. ಈ ಪರೀಕ್ಷೆಯನ್ನು ತಾವೊಬ್ಬರೇ ಮಾಡದೆ ಅತ್ತೆಯವರನ್ನೂ ಕರೆದುಕೊಳ್ಳಿ. ಅವರು ಕೆಳಭಾಗವನ್ನು ಹಿಡಿಯಲಿ, ತಾವು ಮೇಲ್ಭಾಗವನ್ನು ತಿರುಗಿಸಿರಿ. ದೋಷ ಎಲ್ಲಿದೆ ಎಂಬುದನ್ನು ಇಬ್ಬರ ಕೈಗಳೂ ಒಂದೇ ಸಮಯಕ್ಕೆ ಅರಿಯುತ್ತವೆ. ಎರಡು ತಿಂಗಳು ಒಬ್ಬರ ಮೇಲೊಬ್ಬರು ಹೊರಿಸಿದ ಭಾರ ನಾಲ್ಕು ತುಂಡು ಪ್ಲಾಸ್ಟಿಕ್ಕಿನದೆಂದು ಕಂಡಮೇಲೆ ಮಾತು ತಾನಾಗಿ ಹಗುರಾಗುತ್ತದೆ.

ಇದೆಲ್ಲ ದೂರದೇಶದ ಮಾತೆಂದು ನಮ್ಮ ನಾಡಿನ ತಾಯಂದಿರು ಪುಟ ತಿರುವಬಾರದು. ಇಲ್ಲಿಯ ಮೇಲ್ದುಂಬು ಯಂತ್ರಗಳಲ್ಲಿ ಹೆಚ್ಚಿನವುಗಳಿಗೆ ಉದ್ದದ ಕಡೆಗೋಲಿಲ್ಲ. ತಳದಲ್ಲಿ ತಿರುಗುವ ತಟ್ಟೆಯಿದೆ. ಅದನ್ನು ಪಲ್ಸೇಟರ್ ಎನ್ನುತ್ತಾರೆ. ಕೊಳವೆಬಾವಿಯ ಗಡಸುನೀರು ಬಳಸುವ ಮನೆಗಳಲ್ಲಿ ತಟ್ಟೆಯ ಅಡಿಯಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ. ನಾಣ್ಯ, ಸೇಫ್ಟಿ ಪಿನ್ನು, ಗುಂಡಿಗಳೂ ಅಲ್ಲಿಯೇ ಸೇರುತ್ತವೆ. ತಟ್ಟೆ ಕರಕರ ಸದ್ದು ಮಾಡಿದರೆ ಮೊದಲು ಪ್ಲಗ್ಗು ಕಿತ್ತು, ನಡುವಿನ ಸ್ಕ್ರೂ ಬಿಚ್ಚಿ, ಎರಡೂ ಬದಿಯಿಂದ ಸಮನಾಗಿ ಎತ್ತಿ ಅಡಿಯನ್ನು ತೊಳೆಯಬೇಕು. ಹಲವು ಸಲ ಅಷ್ಟರಿಂದಲೇ ಕೆಲಸ ಮುಗಿಯುತ್ತದೆ. ತಟ್ಟೆಯ ಒಳಹಲ್ಲು ಸವೆದಿದ್ದರೆ ಹಳೆಯದನ್ನೇ ಚೀಲದಲ್ಲಿ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ಹೋಗಿರಿ. ಅಡ್ಡಗಲ, ಒಳಹಲ್ಲುಗಳ ಎಣಿಕೆ, ನಡುಗೊರಳಿನ ಎತ್ತರ ಮೂರೂ ಹೊಂದಬೇಕು. ಅಗಲ ಕಡಿಮೆಯಾದರೆ ಸಂದಿನಲ್ಲಿ ಕರವಸ್ತ್ರ, ಸೀರೆಯ ಸೆರಗು ಸಿಕ್ಕಿಕೊಳ್ಳುತ್ತವೆ. ಹೆಚ್ಚಾದರೆ ತೊಟ್ಟಿಗೆ ಉಜ್ಜುತ್ತದೆ. ಯಂತ್ರದ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ತಟ್ಟೆ ಬದಲಿಸಿ ಪ್ರಯೋಜನವಿಲ್ಲ. ದಂಡದ ಸುತ್ತಲಿನ ಸೀಲು ಹೋಗಿರುವ ಸಂಭವ ಹೆಚ್ಚು, ಅದನ್ನು ಮೆಕ್ಯಾನಿಕ್‌ನಿಂದ ನೋಡಿಸಬೇಕು. ನೆಲಕ್ಕೆ ಇಳಿಯುವ ನೀರಿನೊಡನೆ ವಿದ್ಯುತ್ತೂ ಇರಬಹುದಾದ್ದರಿಂದ ಅಲ್ಲಿಯವರೆಗೆ ಯಂತ್ರವನ್ನು ಬಳಸಬಾರದು.

ಬಟ್ಟೆ ಹಾಕುವ ಮುನ್ನ ಜೇಬು ನೋಡುವುದು, ಕಂಬಳಿಯನ್ನು ಒಂದೊಂದಾಗಿ ಒಗೆಯುವುದು, ತೊಟ್ಟಿಯಲ್ಲಿ ಬಟ್ಟೆ ಮಗುಚಲು ಎಡೆ ಬಿಡುವುದು, ಇಷ್ಟನ್ನು ರೂಢಿಸಿಕೊಂಡರೆ ಕಡೆಗೋಲೂ ತಟ್ಟೆಯೂ ಬಹುಕಾಲ ಬಾಳುತ್ತವೆ. ಓದುಗರು ಇಂದೇ ತಮ್ಮ ಯಂತ್ರದ ಮಾಡೆಲ್ ಸಂಖ್ಯೆಯನ್ನು, ಕೊಂಡ ವರ್ಷವನ್ನು, ಗ್ಯಾಸಿನ ಸಂಖ್ಯೆ ಬರೆದಿಟ್ಟಿರುವ ಪುಸ್ತಕದಲ್ಲಿಯೇ ಒಂದು ಸಾಲಾಗಿ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇವೆ. ಚೀಟಿಯ ಅಕ್ಷರ ಮಾಸಿದ ಮೇಲೆ ಹುಡುಕುವುದು ಕಷ್ಟ.