ಖಾನಾಪುರದ ಖಾಲಿ ಪ್ಲಾಟುಗಳು

ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರ್. ಗೋವಾ ಹೆದ್ದಾರಿಯ ಈ ಭಾಗ ಚತುಷ್ಪಥವಾದ ಮೇಲೆ ಅರ್ಧ ತಾಸಿನ ದಾರಿ. ಮೊದಲು ಎಡಬಲಕ್ಕೆ ಭತ್ತದ ಗದ್ದೆ ಕಾಣುತ್ತಿತ್ತು, ಈಗ ಅಲ್ಲಲ್ಲಿ ಕಮಾನು ಎದ್ದಿದೆ. ಅದರ ಮೇಲೆ ಯಾವುದೋ ದೇವರ ಹೆಸರಿನ 'ನಗರ'. ಒಳಗೆ ಗರಸು ಹಾಕಿದ ರಸ್ತೆ, ಸಾಲಾಗಿ ನೆಟ್ಟ ಕಲ್ಲು, ಕಲ್ಲಿನ ಮೇಲೆ ಹಳದಿ ಬಣ್ಣದ ನಂಬರು. ಕಂಬ ನಿಂತಿವೆ, ದೀಪವಿಲ್ಲ. ಇಂಥ ಒಂದು ಲೇಔಟಿನಲ್ಲಿ ಮೊನ್ನೆ ಸಂಜೆ ನಿಂತಾಗ ಒಲೆಯ ಹೊಗೆ ಕಂಡದ್ದು ಒಂದೇ ಕಡೆ, ಮೂಲೆಯ ಪತ್ರಾಸ್ ಶೆಡ್ಡಿನಲ್ಲಿ. ಅದು ಕಾವಲುಗಾರನ ಸಂಸಾರ. ಆ ಮೂಲೆಯ ಪ್ಲಾಟು ಮಾರಾಟವಾದ ದಿನ ಅವರು ಪತ್ರಾಸ್ ಬಿಚ್ಚಿಕೊಂಡು ಬೇರೆ ಮೂಲೆ ಹುಡುಕಬೇಕು.

ನಮ್ಮ ಆತಂಕ ಇಷ್ಟೇ: ಖಾನಾಪುರದ ನೆಲ ಮನೆ ಕಟ್ಟುವವರ ಕೈ ತಪ್ಪಿ, ದುಡ್ಡು ಇಡುವವರ ತಿಜೋರಿಯಾಗುತ್ತಿದೆ. ಈ ಊರಿನ ಮಣ್ಣು ಹೆಂಚಿಗೆ, ಗಡಿಗೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯೇ ಇಲ್ಲಿದೆ. ಸುತ್ತಲಿನ ಊರುಗಳ ಸೂರಿಗೆ ಹೆಂಚು ಸುಟ್ಟ ಕೈಗಳಿಗೆ ಇನ್ನು ಇಲ್ಲಿ ಒಂದು ಗುಂಟೆಯೂ ಎಟುಕದಂತಾದರೆ, ಅದನ್ನು ಅಭಿವೃದ್ಧಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಪ್ಲಾಟು ಕೊಂಡು ಖಾಲಿ ಬಿಟ್ಟವರನ್ನು ಮಾತಾಡಿಸಿ ನೋಡಿ. ಅವರು ದುಷ್ಟರಲ್ಲ. ನಿವೃತ್ತಿಯ ಹಣ ಕೈಗೆ ಬಂದ ಮಾಸ್ತರರಿದ್ದಾರೆ, ಬೆಳಗಾವಿಯ ವೈದ್ಯರಿದ್ದಾರೆ, ಗೋವಾದ ವ್ಯಾಪಾರಿಗಳಿದ್ದಾರೆ. ಬ್ಯಾಂಕಿನ ಠೇವಣಿಯ ಬಡ್ಡಿ ಸಾಲದು, ಶೇರು ಪೇಟೆ ಅರ್ಥವಾಗದು, ಬಂಗಾರ ಮನೆಯಲ್ಲಿಡಲು ಭಯ. ನೆಲವೊಂದೇ ಎಲ್ಲಿಗೂ ಓಡಿಹೋಗದು ಎನ್ನುತ್ತಾರೆ. ಮನೆ ಕಟ್ಟಿ ಬಾಡಿಗೆಗಾದರೂ ಕೊಡಬಹುದಲ್ಲ ಎಂದು ಕೇಳಿದರೆ ಅವರ ಲೆಕ್ಕ ಸಿದ್ಧವಿದೆ. ಕಟ್ಟಲು ಸುರಿದ ಹಣಕ್ಕೆ ಬಾಡಿಗೆಯಿಂದ ಬ್ಯಾಂಕ್ ಬಡ್ಡಿಯಷ್ಟೂ ಹುಟ್ಟುವುದಿಲ್ಲ. ಬಾಡಿಗೆದಾರರ ಕಿರಿಕಿರಿ, ರಿಪೇರಿ ಬೇರೆ. ಖಾಲಿ ಬಿಟ್ಟರೆ ಖರ್ಚೇ ಇಲ್ಲ, ಬೆಲೆ ತನ್ನಷ್ಟಕ್ಕೆ ಏರುತ್ತದೆ. ಒಬ್ಬೊಬ್ಬರ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ನೂರಾರು ಜನ ಅದನ್ನೇ ಮಾಡಿದಾಗ ಊರಿನ ಬೆಲೆ ನಿರ್ಧರಿಸುವವರು ಆ ಊರಿನಲ್ಲಿ ಬಾಳದವರೇ ಆಗಿಬಿಡುತ್ತಾರೆ.

ಅದೇ ಲೆಕ್ಕವನ್ನು ಶೆಡ್ಡಿನ ಕಡೆಯಿಂದ ಹಾಕಿ. ಅಂಥ ಶೆಡ್ಡಿನಲ್ಲಿ ಬಾಳುವ ಒಬ್ಬ ಗೌಂಡಿಗೆ ದಿನಕ್ಕೆ 700 ರೂಪಾಯಿ, ತಿಂಗಳಿಗೆ 25 ದಿನ ಕೆಲಸ ಎಂದಿಟ್ಟುಕೊಳ್ಳಿ: 17,500. ಹೊಟ್ಟೆ ಬಟ್ಟೆ ಕಟ್ಟಿ 5,000 ಉಳಿಸಿದರೆ ವರ್ಷಕ್ಕೆ 60,000. ಅವನ ಕಣ್ಣಿಗೆ ಬಿದ್ದ ಪ್ಲಾಟಿನ ಬೆಲೆ 12 ಲಕ್ಷ, ಅದು ವರ್ಷಕ್ಕೆ ಶೇ 10ರಷ್ಟು ಏರುತ್ತದೆ ಎಂದರೆ ಮೊದಲ ವರ್ಷವೇ ಏರಿದ್ದು 1.20 ಲಕ್ಷ, ಅವನು ಉಳಿಸಿದ್ದರ ಎರಡು ಪಟ್ಟು. ದುಡಿದಷ್ಟೂ ಮನೆ ದೂರ ಸರಿಯುತ್ತದೆ. ಕೊನೆಗೆ ಅವನು ಏಜೆಂಟನ ಮಾತು ನಂಬಿ, ಎನ್.ಎ. (ಕೃಷಿಯೇತರ) ಆಗದ ಹೊಲದಲ್ಲಿ ಬರೀ ಬಾಂಡ್ ಪೇಪರ್ ಮೇಲೆ ಒಂದು ತುಂಡು ಹಿಡಿಯುತ್ತಾನೆ. ಜಾಗದ ದಾಖಲೆಯಾದ ಉತಾರ ಅವನ ಹೆಸರಿಗೆ ಆಗುವುದಿಲ್ಲ. ಉತಾರವಿಲ್ಲದೆ ಸಾಲವಿಲ್ಲ, ಸ್ವಂತ ಜಾಗದ ದಾಖಲೆ ಇಲ್ಲದೆ ಸರ್ಕಾರದ ಮನೆಯೂ ಇಲ್ಲ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಬಯಲು ಪ್ರದೇಶದಲ್ಲಿ ಕೊಡುವ 1.20 ಲಕ್ಷ ಗೋಡೆ ಕಟ್ಟಲಿಕ್ಕೆ. ಜಾಗ ಇಲ್ಲದವನಿಗೆ ಜಾಗ ಒದಗಿಸಬೇಕಾದದ್ದು ರಾಜ್ಯ.

ಆ ರಾಜ್ಯವೇ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು, ಸ್ವತಃ ಬೇಸಾಯ ಮಾಡದವರು ಹೊಲ ಕೊಳ್ಳದಂತೆ ಇದ್ದ ತಡೆ ಹೋಯಿತು. ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯ ಹಸಿರಿಗೆ ಮನಸೋತ ಹಣಕ್ಕೆ ಬಾಗಿಲು ತೆರೆಯಿತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದಾಗಲೂ, ತಲೆಯ ಮೇಲೊಂದು ಸೂರಿಗಾಗಿ ಮೊದಲ ಪ್ಲಾಟು ಕೊಳ್ಳುವವನಿಗೂ ಆರನೆಯ ಪ್ಲಾಟು ಕೊಳ್ಳುವವನಿಗೂ ಒಂದೇ ದರ.

ಇದೇ ತಾಲ್ಲೂಕಿನ ಭೀಮಗಡ ಅಭಯಾರಣ್ಯದ ತಳೇವಾಡಿಯನ್ನು ನೋಡಿ. ಕಾಡು ಬಿಟ್ಟು ಬರಲು ಒಪ್ಪಿದ 27 ಕುಟುಂಬಗಳಿಗೆ ತಲಾ 15 ಲಕ್ಷದ ಪರಿಹಾರ: ಮೊದಲು 10 ಲಕ್ಷ, ಊರು ಖಾಲಿ ಮಾಡಿದ ಮೇಲೆ 5 ಲಕ್ಷ. ತಲೆಮಾರುಗಳ ಅಂಗಳ, ದನದ ಕೊಟ್ಟಿಗೆ, ಹಿತ್ತಲು ಎಲ್ಲ ಬಿಟ್ಟು ಕೆಳಗಿಳಿಯುವವರು ಈ ಹಣ ಹಿಡಿದು ನಿಲ್ಲಬೇಕಾದದ್ದು ಅದೇ ಕಮಾನಿನ ಕೆಳಗೆ, ಚೆಕ್ ಬುಕ್ ಹಿಡಿದು ಬಂದವರ ಪಕ್ಕದಲ್ಲಿ. ಜಾಗಕ್ಕೆ ಕೊಟ್ಟು ಗೋಡೆಗೆ ಎಷ್ಟು ಉಳಿದೀತು? ಗೋಡೆ ಎದ್ದ ಮೇಲೆ ಹೊಲಕ್ಕೆ?

ಖಾನಾಪುರಕ್ಕೆ ಬರುತ್ತಿರುವುದು ಬೆಳಗಾವಿಯಲ್ಲಿ ಆಗಿಹೋದದ್ದೇ. ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಬಾಸುಮತಿ ಗದ್ದೆಗಳ ಮೇಲೆ ನಗರ ಬೆಳೆಯಿತು. ಆ ನಗರದಲ್ಲಿ ಬಡವರ ಸೂರು ಮಾತ್ರ ಗಟ್ಟಿಯಾಗಲಿಲ್ಲ: 2019ರ ಆಗಸ್ಟ್ ಮಳೆಗೆ ಮನೆ ಬಿದ್ದಾಗ ವಡಗಾವಿ, ಖಾಸಬಾಗದ ನೇಕಾರರಿಗೆ ಸೂರಿನ ಜೊತೆ ಮಗ್ಗವೂ ಹೋಯಿತು. ಮನೆಯಿಲ್ಲದವರಿಗೆ ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ತಂಗುದಾಣ ಇರಬೇಕು ಎಂಬುದು 2010ರಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತ ಬಂದ ಮಾತು. 2011ರ ಜನಗಣತಿಯಲ್ಲಿ 4.88 ಲಕ್ಷ ಜನರಿದ್ದ ಬೆಳಗಾವಿಗೆ ಆ ಲೆಕ್ಕದಲ್ಲಿ ಐದಾದರೂ ಬೇಕು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ರಾತ್ರಿ ಹನ್ನೊಂದಕ್ಕೆ ಚಾದರ ಹಾಸುವವರನ್ನು ಪಾಲಿಕೆಯ ಸದಸ್ಯರು ಒಮ್ಮೆ ಹೋಗಿ ಎಣಿಸಲಿ.

ಹಣ ಹೂಡಿದವರಿಗೂ ನಾವು ಹೇಳಬೇಕಾದದ್ದಿದೆ. ಜನ ಬಾಳದ ಲೇಔಟಿಗೆ ಬಸ್ಸು, ಶಾಲೆ, ಕಿರಾಣಿ ಅಂಗಡಿ ಬರುವುದಿಲ್ಲ. ಇವು ಬಾರದೆ ಬಾಳುವವರು ಬರುವುದಿಲ್ಲ. ನಿಮ್ಮ ಪ್ಲಾಟನ್ನು ನಾಳೆ ಕೊಳ್ಳಬೇಕಾದವರು ನಿಮ್ಮಂಥ ಇನ್ನೊಬ್ಬ ಹೂಡಿಕೆದಾರರೇ. ಅವರು ಬರುವುದನ್ನು ನಿಲ್ಲಿಸಿದ ದಿನ ಕೈಯಲ್ಲಿ ಉಳಿಯುವುದು ನಂಬರಿನ ಕಲ್ಲು.

ದಾರಿ ಇಲ್ಲವೆಂದಲ್ಲ. ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಬಿಟ್ಟ ಮನೆಗಳ ಮೇಲೆ ಪ್ರತ್ಯೇಕ ತೆರಿಗೆ ಹಾಕುತ್ತಿದೆ. ನಮ್ಮಲ್ಲೂ ಮಂಜೂರಾದ ಲೇಔಟಿನ ಪ್ಲಾಟನ್ನು ಐದು ವರ್ಷವಾದರೂ ಕಟ್ಟದೆ ಬಿಟ್ಟರೆ ತೆರಿಗೆ ವರ್ಷವರ್ಷಕ್ಕೆ ಏರಲಿ, ಆ ಹಣ ನಿವೇಶನವಿಲ್ಲದವರ ಜಾಗಕ್ಕೇ ಹೋಗಲಿ. ಪ್ರತಿ ಲೇಔಟಿನಲ್ಲೂ ಬಡವರಿಗೆ ಒಂದು ಪಾಲು ಮೀಸಲಿಡದೆ ಮಂಜೂರಾತಿ ಕೊಡಬೇಡಿ. ಎನ್.ಎ. ಆದ ಮತ್ತು ಆಗದ ಸರ್ವೆ ನಂಬರುಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿ, ಬಾಂಡ್ ಪೇಪರಿಗೆ ಸಹಿ ಹಾಕುವ ಮೊದಲು ಗೌಂಡಿ ಅದನ್ನು ಓದಲಿ. ತಳೇವಾಡಿಯವರಿಗೆ ಮಾತ್ರ ಕಾಯುವ ವ್ಯವಧಾನವಿಲ್ಲ. ಕಾಡಿನ ಮನೆಯ ಹೆಂಚು ಇಳಿಸುವ ಮೊದಲೇ ಅವರ ಕೈಗೆ ಹೊಸ ಜಾಗದ ಉತಾರ ಬರಬೇಕು.