ಬಾಣಂತಿಯ ಊಟವೂ ದೊಡ್ಡ ಮೀನೂ

ಮುಂಬಯಿಯಲ್ಲಿ ನೆಲಸಿದ ಕರಾವಳಿ ಕನ್ನಡಿಗರ ಮನೆಗಳಲ್ಲಿ ಮಗಳಿಗೋ ಸೊಸೆಗೋ ಹೆರಿಗೆಯಾಯಿತೆಂದರೆ, ಅಡುಗೆಮನೆಯ ಆಡಳಿತವು ಕೆಲವು ವಾರಗಳ ಮಟ್ಟಿಗೆ ಊರಿನಿಂದ ಬಂದ ಹಿರಿಯ ಹೆಂಗಸಿನ ಕೈಗೆ ಹೋಗುತ್ತದೆ. ಕಷಾಯ, ಬೆಳ್ಳುಳ್ಳಿ, ಕಾಳುಮೆಣಸಿನ ಸಾರು ಇವುಗಳ ಜೊತೆಗೆ ತಾಟೆ ಮೀನಿನ ಪದಾರ್ಥಕ್ಕೂ ಅಲ್ಲಿ ಸ್ಥಾನವುಂಟು. ತಾಟೆ ಎಂದರೆ ಶಾರ್ಕ್. ಮುಂಬಯಿಯ ಪೇಟೆಯಲ್ಲಿ ಅದೇ ಮೋರಿ ಅಥವಾ ಮುಶಿ. ಅದನ್ನು ತಿಂದರೆ ಎದೆಹಾಲು ಹೆಚ್ಚುತ್ತದೆಂಬುದು ಬಹು ಹಳೆಯ ನಂಬಿಕೆ. ತಮಿಳರು ಅದರ ಒಂದು ಸಣ್ಣ ಜಾತಿಯನ್ನು ‘ಪಾಲ್ ಸುರಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಮಿಲ್ಕ್ ಶಾರ್ಕ್’ ಎಂಬ ಹೆಸರು ಬಂದುದೂ ಭಾರತದ ಈ ನಂಬಿಕೆಯಿಂದಲೇ.

ಸಂಘದ ಸದಸ್ಯರಲ್ಲಿ ಮೀನಿನ ವಾಸನೆಯನ್ನೂ ಸಹಿಸದವರು ಅನೇಕರಿದ್ದಾರೆ. ಅವರು ಈ ಪುಟಗಳನ್ನು ಮಗುಚಿ ಮುಂದೆ ಸಾಗಬಹುದು. ಉಳಿದವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಹಾಲು ಹೆಚ್ಚಲೆಂದು ಬಾಣಂತಿಗೆ, ಪುಷ್ಟಿಯಾಗಲೆಂದು ಗರ್ಭಿಣಿಗೆ, ಗೌರವಕ್ಕೆಂದು ಅತಿಥಿಗೆ ಬಡಿಸುವ ದೊಡ್ಡ ಮೀನಿನ ತುಂಡಿನೊಡನೆ ಇನ್ನೇನು ಬಡಿಸಲ್ಪಡುತ್ತಿದೆ?

ಉತ್ತರ ಪಾದರಸ. ಕಲ್ಲಿದ್ದಲು ಉರಿದಾಗ, ಅದುರಿನಿಂದ ಚಿನ್ನವನ್ನು ಬೇರ್ಪಡಿಸುವಾಗ, ಕೆಲವು ರಾಸಾಯನಿಕ ಕಾರ್ಖಾನೆಗಳು ಕೊಳಚೆ ನೀರನ್ನು ಹೊರಬಿಟ್ಟಾಗ ಪಾದರಸವು ಗಾಳಿಗೂ ನೀರಿಗೂ ಸೇರುತ್ತದೆ. ಜ್ವಾಲಾಮುಖಿಗಳಿಂದಲೂ ಒಂದಿಷ್ಟು ಬರುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಇದನ್ನು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ರೂಪದ ಪಾದರಸ ಜೀವಿಯ ದೇಹವನ್ನು ಹೊಕ್ಕರೆ ಬೇಗ ಹೊರಬೀಳದು. ನೀರಿನ ಸೂಕ್ಷ್ಮ ಸಸ್ಯಗಳಿಂದ ಅವನ್ನು ತಿನ್ನುವ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಅದನ್ನು ನುಂಗುವ ದೊಡ್ಡ ಮೀನಿಗೆ, ಮೆಟ್ಟಿಲು ಮೆಟ್ಟಿಲಾಗಿ ಅದರ ಸಾಂದ್ರತೆ ಏರುತ್ತದೆ. ಮೀನಿನ ಆಯುಷ್ಯ ಹೆಚ್ಚಿದಷ್ಟೂ ಶೇಖರಣೆ ಹೆಚ್ಚು. ಆದುದರಿಂದಲೇ ಬಹುಕಾಲ ಬದುಕಿ ಬೇಟೆಯಾಡುವ ಶಾರ್ಕ್, ಕತ್ತಿಮೀನು, ಮಾರ್ಲಿನ್, ದೊಡ್ಡ ಟ್ಯೂನಾಗಳಲ್ಲಿ ಅದರ ಪ್ರಮಾಣ ಅತ್ಯಧಿಕ.

ಗೃಹಿಣಿಯರು ಮುಖ್ಯವಾಗಿ ತಿಳಿಯಬೇಕಾದುದು ಇಲ್ಲಿದೆ. ಮೀಥೈಲ್ ಪಾದರಸವು ಕೊಬ್ಬಿನಲ್ಲಿಲ್ಲ, ಚರ್ಮದಲ್ಲಿಲ್ಲ. ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಹತ್ತು ಸಲ ತೊಳೆದರೂ, ಉಪ್ಪು ಅರಸಿನ ಸವರಿದರೂ, ಹುಣಿಸೆ ಹಿಂಡಿದರೂ, ಕೆಂಪಗೆ ಹುರಿದರೂ ಅದು ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಿವಿರನ್ನು ಎತ್ತಿನೋಡಿ ಮೀನಿನ ತಾಜಾತನವನ್ನು ಹೇಳಬಲ್ಲ ಜಾಣೆಯರಿಗೂ ಅದು ಕಾಣಿಸದು.

ಇದರ ಪರಿಣಾಮವನ್ನು ಜಗತ್ತು ಕಲಿತುದು ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ. ಅಲ್ಲಿ ಚಿಸ್ಸೊ ಎಂಬ ಕಂಪನಿಯ ಕಾರ್ಖಾನೆ 1932ರಿಂದ ಪಾದರಸವನ್ನು ಬಳಸಿ ಅಸಿಟಾಲ್ಡಿಹೈಡ್ ತಯಾರಿಸಿ ಕೊಳಚೆಯನ್ನು ಕೊಲ್ಲಿಗೆ ಬಿಡುತ್ತಿತ್ತು. 1950ರ ದಶಕದಲ್ಲಿ ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸಾಯತೊಡಗಿದವು. ಬಳಿಕ ಬೆಸ್ತರ ಮನೆಗಳಲ್ಲಿ ಮಕ್ಕಳ ಕೈಕಾಲು ನಡುಗಿದವು, ಮಾತು ತೊದಲಿತು, ದೃಷ್ಟಿ ಕುಗ್ಗಿತು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹಜಿಮೆ ಹೊಸೊಕಾವಾ ಅವರು ಈ ವಿಚಿತ್ರ ರೋಗವನ್ನು ಆರೋಗ್ಯ ಇಲಾಖೆಗೆ ವರದಿ ಮಾಡಿದರು. 1959ರಲ್ಲಿ ಅವರು ಕಾರ್ಖಾನೆಯ ಕೊಳಚೆಯನ್ನೇ ಬೆಕ್ಕಿಗೆ ತಿನ್ನಿಸಿ ನೋಡಿದಾಗ ಅದಕ್ಕೂ ಅದೇ ರೋಗ ಬಂದಿತು. ಆ ಫಲಿತಾಂಶವನ್ನು ಕಂಪನಿ ಮುಚ್ಚಿಟ್ಟಿತು. ಸರಕಾರವು ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರಲ್ಲಿ. ಆ ನಡುವಿನ ವರ್ಷಗಳಲ್ಲಿ ಜನ ಮೀನು ತಿನ್ನುತ್ತಲೇ ಇದ್ದರು.

ಮಿನಮಾಟದ ಅತಿ ಕಠೋರವಾದ ಪಾಠವೆಂದರೆ ಹುಟ್ಟುವ ಮುನ್ನವೇ ರೋಗಿಗಳಾದ ಮಕ್ಕಳದು. ಎಷ್ಟೋ ತಾಯಂದಿರಲ್ಲಿ ರೋಗದ ಲಕ್ಷಣಗಳು ಅತ್ಯಲ್ಪವಾಗಿದ್ದರೂ ಅವರ ಶಿಶುಗಳು ತೀವ್ರವಾದ ಮಿದುಳಿನ ಊನದೊಡನೆ ಜನಿಸಿದವು. ಗರ್ಭದ ಮಾಸು ವಿಷವನ್ನು ತಡೆಯುತ್ತದೆಂದು ವೈದ್ಯರು ಅಂದು ನಂಬಿದ್ದರು. ಮೀಥೈಲ್ ಪಾದರಸದ ವಿಷಯದಲ್ಲಿ ಆ ನಂಬಿಕೆ ಸುಳ್ಳಾಯಿತು. ತಾಯಿಯ ರಕ್ತಕ್ಕಿಂತ ಹೊಕ್ಕುಳಬಳ್ಳಿಯ ರಕ್ತದಲ್ಲಿಯೇ ಅದು ಹೆಚ್ಚಾಗಿರುತ್ತದೆ.

‘ಅದು ಕಾರ್ಖಾನೆಯ ಕೊಲ್ಲಿ, ನಮ್ಮದು ತೆರೆದ ಸಮುದ್ರ’ ಎಂಬ ಆಕ್ಷೇಪಣೆ ನ್ಯಾಯವಾದುದೇ. ಸಸೂನ್ ಡಾಕಿನಲ್ಲಿ ಇಳಿಯುವ ಮೀನನ್ನು ಮಿನಮಾಟದ ಮೀನಿಗೆ ಹೋಲಿಸಿ ಜನರನ್ನು ಬೆದರಿಸುವುದು ಅನ್ಯಾಯ. ಆದರೂ ಮುಂಬಯಿಯ ನೆರೆಯ ಉಲ್ಹಾಸ್ ನದಿಯ ಅಳಿವೆಯ ಕೆಸರಿನಲ್ಲಿಯೂ, ಕಾರವಾರದ ಬಳಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಕಡಲಿನಲ್ಲಿಯೂ ಪಾದರಸವನ್ನು ವಿಜ್ಞಾನಿಗಳು ಅಳೆದು ಪ್ರಕಟಿಸಿದ್ದಾರೆ. ಆ ಉದ್ಯಮವು ಪಾದರಸದ ಹಳೆಯ ವಿಧಾನವನ್ನು ಬಿಟ್ಟು ಬೇರೆ ದಾರಿ ಹಿಡಿದಿರುವುದು ಸಂತೋಷದ ಸಂಗತಿ. ಆದರೆ ಕೆಸರು ಬೇಗ ಮರೆಯುವುದಿಲ್ಲ. ಇನ್ನು ತೆರೆದ ಸಮುದ್ರದ ಬೇಟೆಗಾರ ಮೀನಿಗೆ ಯಾವ ಕಾರ್ಖಾನೆಯ ನೆರೆಯೂ ಬೇಕಿಲ್ಲ. ಅದರ ಆಹಾರಕ್ರಮವೇ ಸಾಕು.

ಸ್ವಲ್ಪ ಲೆಕ್ಕ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಗರ್ಭಸ್ಥ ಶಿಶುವನ್ನು ಗಮನದಲ್ಲಿರಿಸಿ 2003ರಲ್ಲಿ ಹಾಕಿಕೊಟ್ಟ ಮಿತಿಯೆಂದರೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 55 ಕಿಲೋ ತೂಕದ ಹೆಂಗಸಿಗೆ ಇದು ವಾರಕ್ಕೆ 88 ಮೈಕ್ರೋಗ್ರಾಂ ಆಗುತ್ತದೆ. ಅಮೆರಿಕದ ಆಹಾರ ಇಲಾಖೆಯ ಅಳತೆಗಳ ಪ್ರಕಾರ ಅಲ್ಲಿನ ಶಾರ್ಕಿನ ಒಂದು ಕಿಲೋ ಮಾಂಸದಲ್ಲಿ ಸರಾಸರಿ ಸುಮಾರು 0.98 ಮಿಲಿಗ್ರಾಂ, ಕಿಂಗ್ ಮ್ಯಾಕರೆಲ್ಲಿನಲ್ಲಿ 0.73, ಸಾರ್ಡೀನಿನಲ್ಲಿ ಕೇವಲ 0.013 ಮಿಲಿಗ್ರಾಂ ಪಾದರಸವಿದೆ. 150 ಗ್ರಾಂ ಕಿಂಗ್ ಮ್ಯಾಕರೆಲ್ ತಿಂದರೆ ಒಂದೇ ಊಟದಲ್ಲಿ ಸುಮಾರು 110 ಮೈಕ್ರೋಗ್ರಾಂ, ಎಂದರೆ ವಾರದ ಮಿತಿಯನ್ನೂ ಮೀರಿದ ಪ್ರಮಾಣ. ಅಷ್ಟೇ ಸಾರ್ಡೀನ್ ತಿಂದರೆ ಎರಡು ಮೈಕ್ರೋಗ್ರಾಂ!

ಕಿಂಗ್ ಮ್ಯಾಕರೆಲ್ ಎಂಬುದು ಮಂಗಳೂರಿನ ಅಂಜಲ್, ಕಾರವಾರದ ಇಸವಾಣ, ಮುಂಬಯಿಯ ಸುರ್ಮಯಿಗಳ ಕುಲಕ್ಕೇ ಸೇರಿದ ಬೇರೆ ಜಾತಿಯ ಮೀನು. ಅಲ್ಲಿನ ಅಂಕಿಯನ್ನು ಇಲ್ಲಿನ ಅಂಜಲಿಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಎರಡು ಕಿಲೋದ ಎಳೆಯ ಅಂಜಲಿಗೂ ಹತ್ತು ಕಿಲೋದ ಹಳೆಯ ಹುಲಿಗೂ ಬಹಳ ಅಂತರವುಂಟು. ಆದುದರಿಂದಲೇ ನಮ್ಮ ಬಂದರುಗಳ ಮೀನನ್ನು ಜಾತಿವಾರು, ಗಾತ್ರವಾರು ನಿಯಮಿತವಾಗಿ ಪರೀಕ್ಷಿಸಬೇಕು. ಫಲಿತಾಂಶವನ್ನು ಜನರ ಭಾಷೆಯಲ್ಲಿ ಪೇಟೆಯ ಗೋಡೆಯ ಮೇಲೆಯೇ ಪ್ರಕಟಿಸಬೇಕೆಂಬುದು ಅತಿಯಾದ ಬೇಡಿಕೆಯಲ್ಲ. ಮಿನಮಾಟದ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 2018ರಲ್ಲಿ ಅಂಗೀಕಾರವಿತ್ತಿದೆ. ಸಹಿ ಹಾಕಿದ ಮೇಲೆ ಸಾಮಾನ್ಯ ಗ್ರಾಹಕನಿಗೂ ಅದರ ಫಲ ಮುಟ್ಟಬೇಡವೇ?

‘ಕಾನೂನಿನ ಮಿತಿಯೊಳಗಿದೆ’ ಎಂಬ ಮಾತಿಗೆ ತೃಪ್ತರಾಗುವಂತೆಯೂ ಇಲ್ಲ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ 2018ರಲ್ಲಿ ಶಾರ್ಕಿಗೆ ಗೊತ್ತುಪಡಿಸಿದ ಮಿತಿ ಕಿಲೋಗೆ 1.6 ಮಿಲಿಗ್ರಾಂ. ಆ ಮಿತಿಯ ಅಂಚಿನಲ್ಲಿರುವ ಶಾರ್ಕಿನ 55 ಗ್ರಾಂ, ಎಂದರೆ ಒಂದು ಪುಟ್ಟ ತುಂಡು, ಮೇಲೆ ಹೇಳಿದ ಹೆಂಗಸಿನ ಇಡೀ ವಾರದ ಪಾಲನ್ನು ಮುಗಿಸಿಬಿಡುತ್ತದೆ. ಮಾರಾಟಕ್ಕೆ ಯೋಗ್ಯವೆಂಬುದು ಬೇರೆ, ಬಸುರಿಗೆ ಯೋಗ್ಯವೆಂಬುದು ಬೇರೆ.

ಹಾಗೆಂದು ಮೀನನ್ನೇ ತ್ಯಜಿಸುವುದು ಇನ್ನೊಂದು ತಪ್ಪು. ತಿಮಿಂಗಿಲದ ಮಾಂಸವನ್ನು ತಿನ್ನುವ ಫೆರೋ ದ್ವೀಪಗಳಲ್ಲಿ ತಾಯಂದಿರ ಪಾದರಸಕ್ಕೂ ಏಳು ವರ್ಷದ ಮಕ್ಕಳ ನೆನಪು, ಮಾತು, ಗಮನಗಳ ಕುಂದಿಗೂ ಸಂಬಂಧ ಕಂಡುಬಂದಿತು. ಆದರೆ ದಿನವೂ ಸಮುದ್ರದ ಮೀನು ತಿನ್ನುವ ಸೇಶೆಲ್ಸ್ ದ್ವೀಪಗಳ ದೀರ್ಘ ಅಧ್ಯಯನದಲ್ಲಿ ಅಂತಹ ಸ್ಪಷ್ಟ ಹಾನಿ ಕಾಣಲಿಲ್ಲ. ಮೀನಿನ ಒಮೆಗಾ-3 ಕೊಬ್ಬು ಶಿಶುವಿನ ಮಿದುಳಿಗೆ ಬೇಕಾದುದೇ. ಬೇಕಾಗಿರುವುದು ಯಾವ ಮೀನು ಎಂಬ ವಿವೇಚನೆ ಮಾತ್ರ.

ಈ ವಿವೇಚನೆಗೆ ಅಡ್ಡಬರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಪ್ರತಿಷ್ಠೆ. ಊರಿನಲ್ಲಿ ಬೂತಾಯಿಯ ಸಾರಿನಲ್ಲಿ ಬೆಳೆದವರು ಮುಂಬಯಿಗೆ ಬಂದು ನಾಲ್ಕು ಕಾಸು ಕಂಡ ಮೇಲೆ ಅಂಜಲಿನ ತುಂಡಿಲ್ಲದೆ ನೆಂಟರಿಗೆ ಎಲೆ ಹಾಕಲು ಸಂಕೋಚಪಡುತ್ತಾರೆ. ಬಂಗುಡೆ ಬಡವರ ಮೀನು, ಬೂತಾಯಿ ಅದಕ್ಕಿಂತಲೂ ಕೆಳಗೆ. ಬಂಗುಡೆ, ಬೂತಾಯಿಗಳು ಸಮುದ್ರದ ಸೂಕ್ಷ್ಮ ಜೀವಿಗಳನ್ನು ತಿಂದು ಕೆಲವೇ ವರ್ಷ ಬದುಕುವ ಮೀನುಗಳು. ಪಾದರಸ ಶೇಖರಿಸಲು ಅವುಗಳಿಗೆ ಪುರಸೊತ್ತೇ ಇಲ್ಲ! ಒಮೆಗಾ-3 ಕೊಬ್ಬಾದರೋ ಅವುಗಳಲ್ಲಿ ಯಥೇಚ್ಛವಾಗಿದೆ. ಅಗ್ಗದ ಮೀನೇ ಒಳ್ಳೆಯ ಮೀನಾಗಿರುವ ಇಂತಹ ಅದೃಷ್ಟ ಪೇಟೆಯಲ್ಲಿ ಅಪರೂಪ.

ಆರೋಗ್ಯವಂತರಾದ ಗಂಡಸರೂ ವಯಸ್ಸಾದವರೂ ಎಂದಾದರೊಮ್ಮೆ ಅಂಜಲ್ ತಿಂದರೆ ಆಕಾಶವೇನೂ ಕಳಚಿಬೀಳದು. ಎಚ್ಚರ ಬೇಕಾದುದು ಮದುವೆಯಾದ ಹುಡುಗಿಯರಿಗೆ, ಬಸುರಿಯರಿಗೆ, ಮೊಲೆಯೂಡಿಸುವವರಿಗೆ, ಎಳೆಯ ಮಕ್ಕಳಿಗೆ. ಅದೂ ಬಸುರಾದ ಮೇಲಲ್ಲ, ಮುಂಚಿನಿಂದಲೇ. ಏಕೆಂದರೆ ದೇಹವನ್ನು ಹೊಕ್ಕ ಮೀಥೈಲ್ ಪಾದರಸವು ಅರ್ಧಕ್ಕಿಳಿಯಲು ಸುಮಾರು ಐವತ್ತು ದಿನಗಳು ಬೇಕು. ಊರಿನಿಂದ ಬಂದ ತಾಯಿಗೆ ಅಮೆರಿಕದ ಅಂಕಿಅಂಶ ಹೇಳಿ ಮಗಳು ವಾದಕ್ಕಿಳಿಯಬೇಕಾಗಿಲ್ಲ. ತಾಟೆಯ ಬದಲು ಖಾರ ತಗ್ಗಿಸಿದ ಬೂತಾಯಿಯ ಪುಳಿಮುಂಚಿಯನ್ನೋ, ಬಂಗುಡೆಯ ಗಸಿಯನ್ನೋ, ಕಾಣೆಯ ತೆಳ್ಳನೆಯ ಸಾರನ್ನೋ ಮಾಡಿಕೊಡೆಂದು ಕೇಳಿದರೆ ಸಾಕು. ಅವನ್ನು ಮಾಡಲು ಆಕೆಗೆ ಯಾರೂ ಕಲಿಸಬೇಕಾಗಿಲ್ಲ.